ಊರಿನ ಹೆಸರು ಸಿಗುವವರೆಗೆ ಟಿಕೆಟ್ ಬುಕ್ ಮಾಡಬೇಡಿ

ನನ್ನ ಗಂಡ ಅಮೆರಿಕದವರು. ಅತ್ತೆಯವರ ಅಜ್ಜ 1880ರ ದಶಕದಲ್ಲಿ ಜರ್ಮನಿಯಿಂದ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದವರು. ಅತ್ತೆಯವರಿಗೆ ಆ ಊರು ನೋಡುವ ಆಸೆ, ಮಕ್ಕಳಿಗೂ ತೋರಿಸೋಣ ಅಂತ ನಮಗೆ. ಇಂಥ ಪ್ರವಾಸಕ್ಕೆ ಹೊರಡುವವರಿಗೆ ಮುಖ್ಯವಾಗಿ ಹೇಳಬೇಕಾದ್ದು ಇದು: ಊರಿನ ಹೆಸರನ್ನು ಅಮೆರಿಕದಲ್ಲೇ ಹುಡುಕಿಕೊಳ್ಳಿ. ಜರ್ಮನಿಗೆ ಹೋಗಿ ಹುಡುಕಿದರಾಯಿತು ಅಂದುಕೊಂಡರೆ ರಜೆಯೆಲ್ಲ ಅದರಲ್ಲೇ ಮುಗಿಯುತ್ತದೆ. ಅಲ್ಲಿ ಎಲ್ಲರ ಹೆಸರೂ ಇರುವ ಒಂದೇ ಪಟ್ಟಿ ಇಲ್ಲ. ಹಳೆಯ ದಾಖಲೆಗಳು ಹೆಚ್ಚಾಗಿ ಆಯಾ ಊರಿನ ಚರ್ಚಿನ ಪುಸ್ತಕಗಳಲ್ಲಿವೆ.

ಅಮೆರಿಕದ ಹಳೆಯ ಜನಗಣತಿಯಲ್ಲಿ ಹುಟ್ಟಿದ ಜಾಗ ‘ವ್ಯುರ್ಟೆಂಬರ್ಗ್’, ‘ಪ್ರಷ್ಯಾ’, ಇಲ್ಲವೇ ಸುಮ್ನೆ ‘ಜರ್ಮನಿ’ ಅಂತ ಇರುತ್ತದೆ. 1871ರವರೆಗೆ ಜರ್ಮನಿ ಒಂದೇ ದೇಶ ಆಗಿರಲಿಲ್ಲ, ಇಂಥ ಬೇರೆ ಬೇರೆ ರಾಜ್ಯಗಳಾಗಿತ್ತು, ಅಲ್ವಾ. 1906ಕ್ಕಿಂತ ಹಿಂದಿನ ಪೌರತ್ವದ ಕಾಗದಗಳಲ್ಲೂ ಸಾಮಾನ್ಯವಾಗಿ ಊರು ಇರುವುದಿಲ್ಲ. ನಮಗೆ ಹೆಸರು ಸಿಕ್ಕಿದ್ದು ಪೆನ್ಸಿಲ್ವೇನಿಯಾದ ಲೂಥೆರನ್ (ಪ್ರಾಟೆಸ್ಟೆಂಟ್) ಚರ್ಚಿನ ಮದುವೆ ಪುಸ್ತಕದಲ್ಲಿ. ಪಾದ್ರಿಯೂ ಜರ್ಮನ್ನರೇ. ಮದುಮಗ ಯಾವ ಹಳ್ಳಿಯವನು ಅಂತ ಬರೆದಿಟ್ಟಿದ್ದರು. ಅಲ್ಲಿನ ಜರ್ಮನ್ ಪತ್ರಿಕೆಗಳ ಮರಣವಾರ್ತೆಯನ್ನೂ ಹುಡುಕಿ. ಹಿರಿಯರು ಹ್ಯಾಂಬರ್ಗ್ ಬಂದರಿನಿಂದ ಹೊರಟಿದ್ದರೆ ಅದೃಷ್ಟ. 1850ರಿಂದ 1934ರವರೆಗಿನ ಪ್ರಯಾಣಿಕರ ಪಟ್ಟಿ ಉಳಿದಿದೆ, ಅದರಲ್ಲಿ ಊರೂ ಇರುತ್ತದೆ. ಇನ್ನೊಂದು ಬಂದರು ಬ್ರೆಮೆನ್ನಿನ ಹಳೆಯ ಪಟ್ಟಿಗಳು ಬಹುತೇಕ ನಾಶವಾಗಿವೆ. ಡಿಎನ್‌ಎ ಪರೀಕ್ಷೆ ದೂರದ ನೆಂಟರನ್ನು ತೋರಿಸಬಹುದು, ಹಳ್ಳಿಯ ಹೆಸರನ್ನಂತೂ ಹೇಳುವುದಿಲ್ಲ.

ಹೆಸರು ಸಿಕ್ಕ ಮೇಲೆ ಇನ್ನೊಂದು ತಲೆನೋವು. ನಾಯ್‌ಸ್ಟಾಟ್ ಅನ್ನುವ ಊರುಗಳು ಎಷ್ಟೋ ಇವೆ. ಊರುಗಳ ವಿವರ ಕೊಡುವ 1912ರ ಕೋಶ ಮೈಯರ್ಸ್ ಗ್ಯಾಜೆಟಿಯರ್ ಇಂಟರ್ನೆಟ್‌ನಲ್ಲಿ ಉಚಿತವಾಗಿದೆ. ಹಳ್ಳಿ ಯಾವ ಜಿಲ್ಲೆಗೆ ಸೇರಿತ್ತು, ಅಲ್ಲೇ ಚರ್ಚ್ ಇತ್ತೇ ಅನ್ನುವುದು ಅದರಲ್ಲಿ ತಿಳಿಯುತ್ತದೆ. ಆಗ ಜರ್ಮನಿಯಲ್ಲಿದ್ದ ಪೊಮರೇನಿಯಾ, ಸೈಲೀಶಿಯಾ ಕಡೆಯವರಾದರೆ ಊರು ಈಗ ಪೋಲೆಂಡಿನಲ್ಲಿರಬಹುದು, ಹೆಸರೂ ಬದಲಾಗಿರುತ್ತದೆ. ನನ್ನ ಹಾಗೆ ಭಾರತದ ಪಾಸ್‌ಪೋರ್ಟ್ ಇರುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಗ್ರೀನ್ ಕಾರ್ಡ್ ಇದ್ದರೂ ಜರ್ಮನಿ, ಪೋಲೆಂಡ್ ಎರಡಕ್ಕೂ ನಡೆಯುವ ಷೆಂಗೆನ್ ವೀಸಾ ಬೇಕೇ ಬೇಕು, ಅರ್ಜಿಯನ್ನು ಜಾಸ್ತಿ ದಿನ ಉಳಿಯುವ ದೇಶಕ್ಕೇ ಹಾಕಬೇಕು.

ಚರ್ಚಿನ ಹಲವು ಪುಸ್ತಕಗಳನ್ನು ಮನೆಯಲ್ಲೇ ಕುಳಿತು ಎರಡು ವೆಬ್‌ಸೈಟ್‌ಗಳಲ್ಲಿ ನೋಡಬಹುದು. ಪ್ರಾಟೆಸ್ಟೆಂಟರದ್ದು ಹೆಚ್ಚಾಗಿ ಆರ್ಕಿಯಾನ್‌ನಲ್ಲಿ, ದುಡ್ಡು ಕೊಡಬೇಕು. ಕ್ಯಾಥೊಲಿಕರದ್ದು ಮ್ಯಾಟ್ರಿಕುಲಾದಲ್ಲಿ ಉಚಿತ, ಆದರೆ ಎಲ್ಲ ಡಯಾಸಿಸ್‌ಗಳೂ (ಬಿಷಪ್ಪರ ಆಡಳಿತದ ಪ್ರಾಂತಗಳು) ಅಲ್ಲಿಲ್ಲ. ನಮ್ಮದು ವ್ಯುರ್ಟೆಂಬರ್ಗ್ ಆಗಿದ್ದು ಒಳ್ಳೆಯದಾಯಿತು. ಅಲ್ಲಿ 1808ರಿಂದ ಪಾದ್ರಿಗಳು ಕುಟುಂಬಕ್ಕೊಂದು ಪುಟ ಇಟ್ಟಿದ್ದಾರೆ: ಅಪ್ಪ, ಅಮ್ಮ, ಮಕ್ಕಳೆಲ್ಲ ಒಂದೇ ಕಡೆ. ಅತ್ತೆಯವರ ಅಜ್ಜನ ಹೆಸರಿನ ಪಕ್ಕದಲ್ಲಿ ‘ಅಮೆರಿಕಕ್ಕೆ’ ಅಂತಲೂ ಬರೆದಿತ್ತು. ಕಷ್ಟ ಇರುವುದು ಹಳೆಯ ಜರ್ಮನ್ ಕೈಬರಹದಲ್ಲಿ. ಧಾರವಾಡ, ಬೆಳಗಾವಿ ಕಡೆಯ ಹಳೇ ಜಮೀನು ಪತ್ರಗಳ ಮೋಡಿ ಲಿಪಿ ನೋಡಿದವರಿಗೆ ಈ ಪಾಡು ಗೊತ್ತು. ‘ಎನ್’ ಯಾವುದು ‘ಇ’ ಯಾವುದು ಗೊತ್ತಾಗುವುದಿಲ್ಲ. ಅಣ್ಣತಮ್ಮಂದಿರೆಲ್ಲ ಯೋಹಾನ್ ಆಗಿದ್ದರೆ ಗಾಬರಿಯಾಗಬೇಡಿ. ಯೋಹಾನ್ ಗೆಯೋರ್ಗ್, ಯೋಹಾನ್ ಯಾಕೋಬ್ ಅಂತ ಇಟ್ಟು, ಎರಡನೇ ಹೆಸರಿನಿಂದ ಕರೆಯುತ್ತಿದ್ದರು.

ಸರ್ಕಾರಿ ನೋಂದಣಿ ಇಡೀ ದೇಶದಲ್ಲಿ ಶುರುವಾಗಿದ್ದು 1876ರಲ್ಲಿ. ಜನನ ದಾಖಲೆ 110 ವರ್ಷ, ಮದುವೆಯದ್ದು 80, ಮರಣದ್ದು 30 ವರ್ಷ ಆದ ಮೇಲೆ ಎಲ್ಲರಿಗೂ ಸಿಗುತ್ತವೆ. ಅದಕ್ಕಿಂತ ಹೊಸದು ಬೇಕಾದರೆ ನೀವು ನೇರ ವಂಶಸ್ಥರು ಅಂತ ಕಾಗದ ತೋರಿಸಬೇಕಾಗುತ್ತದೆ.

ಮುತ್ತಜ್ಜನ ಸಮಾಧಿಗೆ ಹೂ ಇಡುವ ಕನಸಿದ್ದರೆ ಹೊರಡುವ ಮುಂಚೆಯೇ ಬಿಡಿ. ಜರ್ಮನಿಯಲ್ಲಿ ಸಮಾಧಿಯ ಜಾಗ ಬಾಡಿಗೆಗೆ. ಇಪ್ಪತ್ತು, ಮೂವತ್ತು ವರ್ಷ ಕಳೆದ ಮೇಲೆ ಯಾರೂ ಮುಂದುವರಿಸದಿದ್ದರೆ ಕಲ್ಲು ತೆಗೆದು ಬೇರೆಯವರಿಗೆ ಕೊಡುತ್ತಾರೆ. ಅತ್ತೆಯವರಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟವಾಯಿತು. ಅದರ ಬದಲು ಯುದ್ಧ ಸ್ಮಾರಕ ನೋಡಿ. ಸಣ್ಣ ಹಳ್ಳಿಗಳಲ್ಲೂ ಮೊದಲ ಮಹಾಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿರುತ್ತಾರೆ. ನಮ್ಮ ಮನೆತನದ ಹೆಸರು ಅಲ್ಲಿತ್ತು. ಅತ್ತೆಯವರು ತುಂಬ ಹೊತ್ತು ನಿಂತದ್ದು ಅದರ ಮುಂದೆಯೇ.

ಹಳ್ಳಿಗೆ ಭಾನುವಾರ ಬೆಳಿಗ್ಗೆ ಹೋಗಿ. ಪ್ರಾಟೆಸ್ಟೆಂಟ್ ಚರ್ಚುಗಳಿಗೆ ವಾರದ ದಿನಗಳಲ್ಲಿ ಬೀಗ ಇರುವುದೇ ಜಾಸ್ತಿ. ಪ್ರಾರ್ಥನೆ ಮುಗಿದ ಮೇಲೆ ಊರಿನ ಹಿರಿಯರೂ ಸಿಗುತ್ತಾರೆ. ಆದರೆ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಬುತ್ತಿ ಕಟ್ಟಿಕೊಂಡೇ ಹೊರಡಿ. ಚರ್ಚಿನ ಕಚೇರಿಗೆ ಕೆಲವು ವಾರ ಮುಂಚೆ ಜರ್ಮನ್ ಭಾಷೆಯಲ್ಲೇ ನಾಲ್ಕು ಸಾಲು ಇಮೇಲ್ ಬರೆಯಿರಿ. ವಂಶವೃಕ್ಷ ಪೂರ್ತಿ ಕಳಿಸಬೇಡಿ, ಒಂದು ಹೆಸರು, ಒಂದು ತಾರೀಕು ಸಾಕು.

ನಮ್ಮ ಹಳ್ಳಿ ಇದ್ದದ್ದು ಹೈಲ್‌ಬ್ರಾನ್ ಕಡೆ. ಅಲ್ಲಿಂದ ಬ್ರಾಕೆನ್‌ಹೈಮ್ ಹತ್ತಿರವೇ. 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ 1811ರಲ್ಲಿ ಹುಟ್ಟಿದ ಊರು ಅದು. ಇಷ್ಟು ದಿನ ಅಪ್ಪನ ಕಡೆಯವರದೇ ಆಯಿತಲ್ಲ, ಈ ಮಧ್ಯಾಹ್ನ ನನ್ನದು ಅಂತ ಎಲ್ಲರನ್ನೂ ಎಳೆದುಕೊಂಡು ಹೋದೆ. ಸುತ್ತ ದ್ರಾಕ್ಷಿ ತೋಟಗಳು. ರೈಲು ಅಲ್ಲಿಗೆ ಹೋಗುವುದಿಲ್ಲ, ಬಸ್ಸೇ ಗತಿ. ವಯಸ್ಸಾದವರು ಜೊತೆಗಿದ್ದರೆ ಆ ಭಾಗಕ್ಕೆ ಮಾತ್ರ ಕಾರು ಬಾಡಿಗೆಗೆ ತೆಗೆದುಕೊಳ್ಳಿ.