ಶ್ರೀಲಂಕಾದ ಈಸ್ಟರ್ ಹತ್ಯಾಕಾಂಡವನ್ನು ಇನ್ನೂ ಏಕೆ ಖಂಡಿಸುತ್ತೀರಿ?

ಪ್ರತಿ ವರ್ಷ ಏಪ್ರಿಲ್ 21ರ ಆಸುಪಾಸಿನಲ್ಲಿ ನಾನು ಶ್ರೀಲಂಕಾದ ಈಸ್ಟರ್ ಭಾನುವಾರದ ಬಾಂಬ್ ದಾಳಿಯನ್ನು ನೆನೆದು ನಾಲ್ಕು ಸಾಲು ಬರೆಯುತ್ತೇನೆ, ಪ್ರತಿ ವರ್ಷವೂ ಅದೇ ಪ್ರಶ್ನೆ ಬರುತ್ತದೆ: ನಮ್ಮಲ್ಲೇ ಅಳುವುದಕ್ಕೆ ಬೇಕಾದಷ್ಟಿರುವಾಗ, ಪರದೇಶದಲ್ಲಿ ನಡೆದುಹೋದ ಕೊಲೆಗಳನ್ನು ನೀವು ಇಲ್ಲಿ ಕುಳಿತು ಖಂಡಿಸಿದರೆ ಯಾರಿಗೆ ಏನು ಸಿಗುತ್ತದೆ? ಕೆಲವರು ಕುಟುಕಲೆಂದೇ ಕೇಳುತ್ತಾರೆ, ಹಲವರು ನಿಜವಾಗಿ ತಿಳಿಯಬೇಕೆಂದು ಕೇಳುತ್ತಾರೆ. ಈ ಉತ್ತರ ಎರಡನೆಯವರಿಗೆ.

2019ರ ಆ ಬೆಳಗ್ಗೆ ಕೊಲಂಬೊದ ಕೊಚ್ಚಿಕಡೆಯಲ್ಲಿರುವ ಸಂತ ಅಂತೋಣಿಯವರ ಇಗರ್ಜಿ, ನೆಗೊಂಬೊ ಬಳಿಯ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ನರ ಇಗರ್ಜಿ, ಪೂರ್ವ ಕರಾವಳಿಯ ಬಟ್ಟಿಕಲೋವಾದ ಜಿಯೋನ್ ಚರ್ಚ್ ಮತ್ತು ಕೊಲಂಬೊದ ಶಾಂಗ್ರಿಲಾ, ಸಿನಮನ್ ಗ್ರ್ಯಾಂಡ್, ಕಿಂಗ್ಸ್‌ಬರಿ ಎಂಬ ಮೂರು ಹೋಟೆಲುಗಳಲ್ಲಿ ಆತ್ಮಾಹುತಿ ದಾಳಿಕೋರರು ತಮ್ಮನ್ನು ಸ್ಫೋಟಿಸಿಕೊಂಡರು. 260ಕ್ಕೂ ಹೆಚ್ಚು ಜನ ಸತ್ತರು, ಸುಮಾರು 500 ಜನ ಗಾಯಗೊಂಡರು. ಕಟುವಾಪಿಟಿಯ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಹೋದರು. ಹಬ್ಬದ ಪೂಜೆಗೆಂದು ಮನೆಮಂದಿಯೆಲ್ಲ ಒಟ್ಟಿಗೆ ಬಂದಿದ್ದರಿಂದ ಕೆಲವು ಮನೆಗಳಲ್ಲಿ ಅಳುವುದಕ್ಕೂ ಹೆಚ್ಚು ಜನ ಉಳಿಯಲಿಲ್ಲ. ಬಟ್ಟಿಕಲೋವಾದಲ್ಲಿ ಸತ್ತವರಲ್ಲಿ ಭಾನುವಾರದ ಪಾಠ ಮುಗಿಸಿ ಹೊರಬಂದಿದ್ದ ಮಕ್ಕಳಿದ್ದರು.

ಆ ವಾರ ನಾನು ಬರೆದ ಮೊದಲ ಟಿಪ್ಪಣಿಯಲ್ಲಿ ಸತ್ತವರ ಸಂಖ್ಯೆ 359 ಎಂದಿತ್ತು. ಅಲ್ಲಿನ ಸರ್ಕಾರವೇ ಹಾಗೆ ಹೇಳಿತ್ತು. ಒಂದೆರಡು ದಿನಗಳಲ್ಲಿ ಅದು 253ಕ್ಕೆ ಇಳಿದಾಗ ಓದುಗರೊಬ್ಬರು, 'ನೋಡಿ, ಇದ್ದದ್ದನ್ನು ಎಷ್ಟು ಉಬ್ಬಿಸಿದ್ದರು' ಎಂದು ಬರೆದರು. ಸಂಖ್ಯೆ ಇಳಿದದ್ದಕ್ಕೆ ಕಾರಣ ಉಬ್ಬಿಸಿದ್ದಲ್ಲ. ದೇಹಗಳು ಎಷ್ಟು ಛಿದ್ರವಾಗಿದ್ದವೆಂದರೆ ಒಂದೇ ದೇಹದ ಭಾಗಗಳನ್ನು ಒಂದಕ್ಕಿಂತ ಹೆಚ್ಚು ಸಲ ಎಣಿಸಲಾಗಿತ್ತು. ಅಂಕಿಯನ್ನು ತಿದ್ದಿದೆ, ತಿದ್ದುವಾಗ ಕೈ ನಡುಗಿತು ಎಂಬುದನ್ನು ಮಾತ್ರ ಅವರಿಗೆ ಬರೆಯಲಿಲ್ಲ.

'ಪರದೇಶ' ಎಂಬ ಮಾತಿಗೆ ಬರುತ್ತೇನೆ. ದಾಳಿಗೆ ಮೂರು ದಿನ ಮುಂಚೆ, ಏಪ್ರಿಲ್ 18ರಂದು, ಕರ್ನಾಟಕದಲ್ಲಿ ಲೋಕಸಭಾ ಚುನಾವಣೆಯ ಮೊದಲ ಹಂತದ ಮತದಾನ ಮುಗಿದಿತ್ತು. ಪ್ರಚಾರದ ದಣಿವು ಕಳೆಯಲೆಂದು ಕೊಲಂಬೊಗೆ ಹೋಗಿದ್ದ, ಬೆಂಗಳೂರು ಮತ್ತು ನೆಲಮಂಗಲ ಕಡೆಯ ಜೆಡಿಎಸ್ ಕಾರ್ಯಕರ್ತರಲ್ಲಿ ಹಲವರು ಶಾಂಗ್ರಿಲಾ ಹೋಟೆಲಿನಲ್ಲಿ ಸತ್ತರು. ಆದರೂ ಅವರಿಗಾಗಿಯೇ ನಾನು ಬರೆಯುತ್ತೇನೆಂದರೆ ಸುಳ್ಳಾದೀತು. ನಮ್ಮವರು ಸತ್ತರೆಂಬ ಕಾರಣಕ್ಕೇ ದುಃಖ ಹುಟ್ಟಬೇಕಾಗಿದ್ದರೆ ನೆಗೊಂಬೊದ ಮೀನುಗಾರರ ಮನೆಗಳಿಗೆ ನನ್ನಿಂದ ಏನೂ ಸಲ್ಲುತ್ತಿರಲಿಲ್ಲ.

ಖಂಡಿಸಿದರೆ ಏನು ಸಿಗುತ್ತದೆ ಎಂಬುದು ಏನನ್ನು ಖಂಡಿಸುತ್ತೇವೆ ಎಂಬುದರ ಮೇಲೆ ನಿಂತಿದೆ. 'ಹೇಡಿತನದ ಕೃತ್ಯವನ್ನು ಕಟುವಾಗಿ ಖಂಡಿಸುತ್ತೇವೆ' ಎಂಬ ಅಚ್ಚುಕಟ್ಟಾದ ವಾಕ್ಯವನ್ನು ಎಲ್ಲ ದೇಶಗಳ ಮಂತ್ರಿಗಳೂ ಅಂದೇ ಸಂಜೆ ಹೊರಡಿಸಿದ್ದರು. ಹೆಸರು, ಊರು ಬದಲಾಯಿಸಿದರೆ ಯಾವ ದಾಳಿಗಾದರೂ ಒಪ್ಪುವ ವಾಕ್ಯವದು. ನಾನು ಖಂಡಿಸುವುದು ಈ ದಾಳಿಯನ್ನು ಮುನ್ನಡೆಸಿದ, ಬಟ್ಟಿಕಲೋವಾ ಬಳಿಯ ಕಾತ್ತಾನ್‌ಕುಡಿ ಊರಿನ ಜಹ್ರಾನ್ ಹಾಶಿಮ್ ಎಂಬ ಬೋಧಕನನ್ನು, ಆತ ಕಟ್ಟಿದ ಗುಂಪನ್ನು, ದಾಳಿಯ ಹೊಣೆ ಹೊತ್ತು ಹೆಮ್ಮೆಪಟ್ಟ ಐಸಿಸ್ ಸಂಘಟನೆಯನ್ನು. ಆತನ ಜೊತೆಗಿದ್ದವರಲ್ಲಿ ಕೊಲಂಬೊದ ಶ್ರೀಮಂತ ಮಸಾಲೆ ವ್ಯಾಪಾರಿಯೊಬ್ಬರ ಇಬ್ಬರು ಮಕ್ಕಳಿದ್ದರು, ಹಾಗಾಗಿ ಬಡತನವೇ ಇದನ್ನೆಲ್ಲ ಹುಟ್ಟಿಸಿತೆಂಬ ಸುಲಭದ ವಿವರಣೆಯೂ ಇಲ್ಲಿ ನಿಲ್ಲುವುದಿಲ್ಲ.

ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕಾಗುತ್ತದೆ. ಜಹ್ರಾನ್‌ನ ದ್ವೇಷದ ಮಾತುಗಳ ವಿರುದ್ಧ ವರ್ಷಗಳ ಹಿಂದೆಯೇ ಪೊಲೀಸರಿಗೆ ದೂರು ಕೊಟ್ಟವರಲ್ಲಿ ಅದೇ ಊರಿನ ಮುಸ್ಲಿಮರಿದ್ದರು. 2017ರಲ್ಲಿ ಅಲ್ಲಿನ ಸೂಫಿ ಪಂಥದವರೊಡನೆ ಆತನ ಗುಂಪು ಹೊಡೆದಾಡಿದ ಮೇಲೆ ಆತ ತಲೆಮರೆಸಿಕೊಂಡಿದ್ದ. ಕಾತ್ತಾನ್‌ಕುಡಿಗೆ ಹತ್ಯಾಕಾಂಡವೆಂದರೆ ಏನೆಂದು ಯಾರೂ ಕಲಿಸಬೇಕಾಗಿರಲಿಲ್ಲ. 1990ರ ಆಗಸ್ಟ್ 3ರ ರಾತ್ರಿ ಆ ಊರಿನ ಮಸೀದಿಗಳಲ್ಲಿ ನಮಾಜಿಗೆ ನಿಂತಿದ್ದ ನೂರಕ್ಕೂ ಹೆಚ್ಚು ಜನರನ್ನು ತಮಿಳು ಪ್ರತ್ಯೇಕತಾವಾದಿ ಸಂಘಟನೆ ಎಲ್‌ಟಿಟಿಇ ಗುಂಡಿಟ್ಟು ಕೊಂದಿತ್ತು. ಇಷ್ಟೆಲ್ಲ ಇದ್ದರೂ 2019ರ ಮೇ ತಿಂಗಳಲ್ಲಿ, ದಾಳಿಗೆ ಸೇಡೆಂಬಂತೆ, ವಾಯವ್ಯ ಪ್ರಾಂತ್ಯದ ಊರುಗಳಲ್ಲೂ ಮಿನುವಂಗೊಡದಲ್ಲೂ ಗುಂಪುಗಳು ಮುಸ್ಲಿಮರ ಅಂಗಡಿ, ಮನೆ, ಮಸೀದಿಗಳಿಗೆ ಬೆಂಕಿ ಇಟ್ಟವು. ಪುತ್ತಲಂ ಜಿಲ್ಲೆಯಲ್ಲಿ ಒಬ್ಬ ಬಡಗಿಯನ್ನು ಕೊಂದರು. ಕೊಲಂಬೊದ ಕಾರ್ಡಿನಲ್ ಮಾಲ್ಕಮ್ ರಂಜಿತ್ ಅವರು ತಮ್ಮ ಜನರಿಗೆ ಸೇಡಿಗೆ ಇಳಿಯಬೇಡಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದ ದಿನಗಳವು. ನನ್ನ ಟಿಪ್ಪಣಿಗಳಲ್ಲಿ ಆ ಬಡಗಿಯನ್ನೂ ನೆನೆಯುತ್ತೇನೆ. ಅದಕ್ಕೆ ಬರುವ ಬೈಗುಳ ಬೇರೆಯೇ ಬಗೆಯದು.

ಕೊಂದವರನ್ನು ಬೈದು ಅಲ್ಲಿಗೇ ನಿಲ್ಲುವುದೂ ಸಂತ್ರಸ್ತರಿಗೆ ಸಾಲದು, ಏಕೆಂದರೆ ಅವರು ಕೇಳುತ್ತಿರುವುದು ಅಷ್ಟೇ ಅಲ್ಲ. ಭಾರತದ ಗುಪ್ತಚರರು ಏಪ್ರಿಲ್ 4ರಂದೇ ಎಚ್ಚರಿಸಿದ್ದರು, ಜಹ್ರಾನ್‌ನ ಹೆಸರು ಹಿಡಿದು ಎಚ್ಚರಿಸಿದ್ದರು. ಚರ್ಚುಗಳು ಗುರಿಯೆಂಬುದೂ ಅದರಲ್ಲಿತ್ತು. ಕಾಗದ ಕಚೇರಿಯಿಂದ ಕಚೇರಿಗೆ ಸಾಗಿತು, ಇಗರ್ಜಿಯ ಬಾಗಿಲಿಗೆ ತಲುಪಲಿಲ್ಲ. 2018ರ ಅಕ್ಟೋಬರಿನಲ್ಲಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರಿಗೂ ಪ್ರಧಾನಿ ರನಿಲ್ ವಿಕ್ರಮಸಿಂಘೆ ಅವರಿಗೂ ನಡುವೆ ಜಗಳ ಸಿಡಿದ ಮೇಲೆ ದೇಶದ ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಗಳಿಗೆ ಪ್ರಧಾನಿಯನ್ನು ಕರೆಯುವುದನ್ನೇ ನಿಲ್ಲಿಸಲಾಗಿತ್ತು. ದಾಳಿಯ ದಿನ ಅಧ್ಯಕ್ಷರು ಸಿಂಗಾಪುರದಲ್ಲಿದ್ದರು. ತಮಗೆ ಯಾರೂ ತಿಳಿಸಲಿಲ್ಲ ಎಂದರು.

ಸತ್ತವರ ಕುಟುಂಬದವರು ಮತ್ತು ಬದುಕುಳಿದವರು ಇದನ್ನು ಒಪ್ಪಲಿಲ್ಲ. ಮೂಲಭೂತ ಹಕ್ಕಿನ ಉಲ್ಲಂಘನೆಯೆಂದು ನ್ಯಾಯಾಲಯಕ್ಕೆ ಹೋದರು. 2023ರ ಜನವರಿ 12ರಂದು ಶ್ರೀಲಂಕಾದ ಸುಪ್ರೀಂ ಕೋರ್ಟ್ ಮಾಜಿ ಅಧ್ಯಕ್ಷರು ಸ್ವಂತ ಹಣದಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದಿತು, ಪೊಲೀಸ್ ಮುಖ್ಯಸ್ಥ ಮತ್ತು ಗುಪ್ತಚರ ಮುಖ್ಯಸ್ಥರಾಗಿದ್ದವರಿಗೆ ತಲಾ 7.5 ಕೋಟಿ, ರಕ್ಷಣಾ ಕಾರ್ಯದರ್ಶಿಯಾಗಿದ್ದವರಿಗೆ 5 ಕೋಟಿ ವಿಧಿಸಿತು. ಗೊತ್ತಿದ್ದೂ ತಡೆಯದ ಅಧಿಕಾರಸ್ಥರು ಕೈಯಿಂದಲೇ ಹಣ ತೆರಬೇಕೆಂಬ ಇಂಥ ತೀರ್ಪು ನಮ್ಮ ಉಪಖಂಡದಲ್ಲಿ ಎಷ್ಟು ಅಪರೂಪವೆಂಬುದನ್ನು ವಿವರಿಸಬೇಕಾಗಿಲ್ಲ. ಸಿರಿಸೇನ ಅವರು ತಮ್ಮ ಬಳಿ ಅಷ್ಟು ಹಣವಿಲ್ಲವೆಂದರು, ಕೊನೆಗೆ ಕಂತುಗಳಲ್ಲಿ ಕಟ್ಟಿದರು.

ಪಾವತಿಯಾದರೂ ಕಟುವಾಪಿಟಿಯದವರು ಸುಮ್ಮನಾಗಿಲ್ಲ. ದಾಳಿಯ ಹಿಂದೆ ಇನ್ನಾರಿದ್ದರು, ಯಾರು ಕಣ್ಣುಮುಚ್ಚಿಕೊಂಡರು, ಕಣ್ಣು ಮುಚ್ಚಿಕೊಂಡದ್ದು ಉದಾಸೀನದಿಂದಲೋ ಉದ್ದೇಶದಿಂದಲೋ ಎಂಬುದನ್ನು ಅವರು ಪ್ರತಿ ಏಪ್ರಿಲ್‌ನಲ್ಲೂ ಕೇಳುತ್ತಿದ್ದಾರೆ. ಅವರ ಪ್ರಶ್ನೆ ಕನ್ನಡದಲ್ಲಿ ಕೆಲವರಿಗಾದರೂ ಕೇಳಿಸಲಿ ಎಂಬಷ್ಟೇ ಕಾರಣಕ್ಕೆ ನಾನೂ ಅದೇ ವಾರ ಬರೆಯುತ್ತೇನೆ.