"ನಿಮ್ಮ ನಂಬಿಕೆ ಅಲುಗಲಿಲ್ಲವೇ?" ಎಂದು ಕೇಳುವವರಿಗೆ

ಭಾನುವಾರದ ಪೂಜೆ ಮುಗಿದು, ಧರ್ಮೋಪದೇಶದ ತರಗತಿಯ ಮಕ್ಕಳು ಚರ್ಚಿನ ಅಂಗಳದಲ್ಲಿ ಚದುರಿದ ಮೇಲೆ ಯಾರಾದರೊಬ್ಬ ತಾಯಿ ಹಿಂದೆ ಉಳಿದು ಮೆಲ್ಲನೆ ಕೇಳುತ್ತಾರೆ: "ಟೀಚರ್, ಇಷ್ಟೆಲ್ಲ ಆದಮೇಲೂ ನಿಮ್ಮ ನಂಬಿಕೆ ಅಲುಗಲಿಲ್ಲವೇ? ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಹೇಗೆ?" ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವ ಹಿಂದೂ ಗೆಳತಿಯರೂ ಕೇಳಿದ್ದಾರೆ. ಕೆಲವರಿಗೆ ಈ "ಇಷ್ಟೆಲ್ಲ" ಎಂದರೆ ನನ್ನ ತಮ್ಮನ ಸಾವು. ಇನ್ನು ಕೆಲವರಿಗೆ 2008ರ ಸೆಪ್ಟೆಂಬರ್ 14ರ ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ಬಳಿಯ, ಕ್ರೈಸ್ತ ಸನ್ಯಾಸಿನಿಯರ ಆರಾಧನಾ ಮಠದ ಮೇಲೆ ದಾಳಿ ನಡೆದ ದಿನ. ನಮ್ಮ ಪಾಲಿಗೆ ಅದು ಪವಿತ್ರ ಶಿಲುಬೆಯ ಹಬ್ಬದ ದಿನವೂ ಆಗಿತ್ತು.

ಅಲುಗಿತು. ಬುಡಸಮೇತ ಅಲುಗಿತು. ಮೊದಲು ಈ ಮಾತನ್ನು ಹೇಳಿಬಿಡಬೇಕು. ಹೇಳದಿದ್ದರೆ ಕೇಳಿದ ತಾಯಿ ಮನೆಗೆ ಹೋಗಿ, ತನ್ನ ನಂಬಿಕೆ ಮಾತ್ರ ಅಲುಗಿದೆ, ಉಳಿದವರದೆಲ್ಲ ಬಂಡೆಯಂತಿದೆ ಎಂದು ಕೊರಗುತ್ತಾಳೆ.

ನನ್ನ ತಮ್ಮ ಗಲ್ಫಿನಲ್ಲಿದ್ದ. ಒಂದು ರಸ್ತೆ ಅಪಘಾತ. ಕಾಗದಪತ್ರಗಳೆಲ್ಲ ಮುಗಿದು ಪೆಟ್ಟಿಗೆ ಮನೆಗೆ ಬಂದದ್ದು ಹನ್ನೊಂದನೆಯ ದಿನ. ಆ ಹನ್ನೊಂದು ದಿನ ನಮ್ಮ ಒಲೆ ಉರಿಯಲಿಲ್ಲ. ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಅಜ್ಜಿ ಗಂಜಿಯನ್ನೂ ಹುರುಳಿ ಚಟ್ನಿಯನ್ನೂ ತಂದು ಅಮ್ಮನ ಎದುರಿಗಿಟ್ಟು, ಅವಳು ಎರಡು ತುತ್ತಾದರೂ ಉಣ್ಣುವವರೆಗೆ ಕದಲದೆ ಕೂರುತ್ತಿದ್ದರು. ಸಂಜೆ ಏಳಕ್ಕೆ ನಮ್ಮ ವಾಳೆಯವರು ಬರುತ್ತಿದ್ದರು. ಅಕ್ಕಪಕ್ಕದ ಮನೆಗಳ ಕೂಟವನ್ನು ನಾವು ವಾಳೆ ಎನ್ನುತ್ತೇವೆ, ಅದರ ಹಿರಿಯನನ್ನು ಗುರ್ಕಾರ ಎನ್ನುತ್ತೇವೆ. ಅವರು ಸುತ್ತ ಕುಳಿತು ತೇರ್ಸ್, ಅಂದರೆ ಜಪಮಾಲೆ, ಹೇಳುತ್ತಿದ್ದರು. ನನಗೆ ಬಾಯಿ ತೆರೆಯಲು ಆಗಲಿಲ್ಲ. ಹನ್ನೊಂದು ದಿನ ಮಾತ್ರವಲ್ಲ, ಎಂಟು ತಿಂಗಳು ಆಗಲಿಲ್ಲ. ಪೂಜೆಗೆ ಹೋಗುತ್ತಿದ್ದೆ, ಹಿಂದಿನ ಬೆಂಚಿನಲ್ಲಿ ಕುಳಿತು ಎದ್ದು ಬರುತ್ತಿದ್ದೆ. ಮಕ್ಕಳಿಗೆ ಪಾಠ ಮಾಡುವುದನ್ನು ನಿಲ್ಲಿಸಿದ್ದೆ. ದೇವರಿಲ್ಲ ಎಂದು ನನಗೆ ಅನ್ನಿಸಿರಲಿಲ್ಲ. ಇದ್ದಾನೆ, ಆದರೆ ಅವನೊಂದಿಗೆ ನನಗೆ ಮಾತು ಬೇಡ ಎನ್ನಿಸಿತ್ತು.

ಆ ತಿಂಗಳುಗಳಲ್ಲಿ ನನಗೆ ಉಪದೇಶ ಹೇಳಿದವರು ಬಹಳ ಜನ. "ದೇವರು ಪ್ರೀತಿಸುವವರನ್ನೇ ಪರೀಕ್ಷಿಸುತ್ತಾನೆ" ಎಂದರು. ದಯವಿಟ್ಟು ಸಾವಿನ ಮನೆಯಲ್ಲಿ ಈ ಮಾತನ್ನು ಆಡಬೇಡಿ. ಬೈಬಲಿನಲ್ಲೇ 88ನೆಯ ಕೀರ್ತನೆ ಇದೆ. ಮೊದಲಿನಿಂದ ಕೊನೆಯವರೆಗೆ ಅಳು, ದೂರು. ಉಳಿದ ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಯಲ್ಲಿ ಸ್ತುತಿಯ ಕಡೆಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗಿದ್ದೂ ಅದನ್ನು ಪ್ರಾರ್ಥನೆಯ ಪುಸ್ತಕದಿಂದ ಯಾರೂ ಕಿತ್ತುಹಾಕಲಿಲ್ಲ. ಆ ಕಾಲದಲ್ಲಿ ನನಗೆ ಓದಲು ಸಾಧ್ಯವಾದದ್ದು ಅದೊಂದೇ.

ಹಿಂಸೆಯನ್ನು ಎದುರಿಸಿದ ಕ್ರೈಸ್ತರ ಕಥೆಗಳನ್ನು ನಾನು ಮತ್ತೆ ಓದತೊಡಗಿದ್ದು ಈ ಅವಧಿಯಲ್ಲಿ. ಚಿಕ್ಕಂದಿನಲ್ಲಿ ಕೇಳಿದ್ದ ಕಥೆಗಳಲ್ಲಿ ಹುತಾತ್ಮರು ಮಾತ್ರ ಇದ್ದರು, ಬೆಂಕಿಯಲ್ಲೂ ನಗುವವರು. ಈ ಬಾರಿ ಓದುವಾಗ ನನ್ನ ಕಣ್ಣು ಹುಡುಕಿದ್ದು ಬೇರೆಯವರನ್ನು: ಹೆದರಿದವರನ್ನು, ಬಿದ್ದವರನ್ನು, ಅವರಿಗೆ ಮುಂದೆ ಏನಾಯಿತು ಎಂಬುದನ್ನು.

ನಮ್ಮದೇ ಜನರ ಕಥೆಯಿಂದ ಶುರುಮಾಡುತ್ತೇನೆ. 1784ರ ತಪಸ್ಸುಕಾಲದ, ಅಂದರೆ ಈಸ್ಟರಿಗೆ ಮೊದಲಿನ ಉಪವಾಸದ ಕಾಲದ, ಆರಂಭದಲ್ಲಿ, ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. 30,000 ಜನ ಎನ್ನುವವರಿದ್ದಾರೆ, 60,000 ಎನ್ನುವವರೂ ಇದ್ದಾರೆ. ಗುರುಗಳನ್ನು, ಅಂದರೆ ಪಾದ್ರಿಗಳನ್ನು, ಗಡೀಪಾರು ಮಾಡಿದ್ದರು, ಚರ್ಚುಗಳನ್ನು ಕೆಡವಿದ್ದರು. ಸೆರೆ 15 ವರ್ಷ ನಡೆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರಲ್ಲಿ ಅನೇಕರು ಮತ್ತೆ ಘಟ್ಟ ಇಳಿದು ಕರಾವಳಿಗೆ ಬಂದರು.

ಈ ಕಥೆಯನ್ನು ಇನ್ನೊಂದು ಧರ್ಮದವರ ಮೇಲೆ ದ್ವೇಷ ಹುಟ್ಟಿಸಲು ಬಳಸುವವರಿದ್ದಾರೆ. ನನ್ನ ತರಗತಿಯಲ್ಲಿ ಅದಕ್ಕೆ ಜಾಗವಿಲ್ಲ. ಅದೇ ಕಾಲದಲ್ಲಿ ಮೂಡುಬಿದಿರೆ ಸೀಮೆಯ ಹೋಲಿ ಕ್ರಾಸ್ ಚರ್ಚು ಉಳಿದದ್ದು ಜೈನರಾದ ಚೌಟ ಅರಸರು ನಡುವೆ ಬಂದದ್ದರಿಂದ ಎಂಬುದನ್ನೂ ಮಕ್ಕಳಿಗೆ ಹೇಳುತ್ತೇನೆ. 2008ರ ಆ ವಾರ ನನ್ನೊಳಗೆ ಉರಿದದ್ದು ಸಿಟ್ಟು, ಬರಿಯ ಸಿಟ್ಟು. ಅದನ್ನೇ ನಾನು ನಂಬಿಕೆ ಎಂದುಕೊಂಡಿದ್ದೆ. ಹಿಂಸೆಗೆ ಒಳಗಾದವರಿಗೆ ನಂಬಿಕೆ ಬಿಟ್ಟುಹೋಗುವ ಅಪಾಯಕ್ಕಿಂತ ನಂಬಿಕೆಯ ಹೆಸರಿನಲ್ಲಿ ಸಿಟ್ಟನ್ನು ಸಾಕಿಕೊಳ್ಳುವ ಅಪಾಯ ದೊಡ್ಡದು ಎಂದು ನಾನು ಅಂದಿನಿಂದ ತಿಳಿದಿದ್ದೇನೆ.

ಶ್ರೀರಂಗಪಟ್ಟಣದ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕೊನೆಯ ಭಾಗ. ಯುದ್ಧ ಮುಗಿದ ಮೇಲೆ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ, ಸೆರೆಯಲ್ಲಿ ಬಲವಂತದಿಂದ ಮತ ಬದಲಿಸಿಕೊಂಡಿದ್ದ ಅನೇಕ ಕುಟುಂಬಗಳನ್ನು ಮತ್ತೆ ಕ್ರೈಸ್ತ ಸಭೆಗೆ ಸೇರಿಸಿಕೊಂಡರು. ಹೆದರಿ ತಲೆಬಾಗಿದ್ದವರು ತಿರುಗಿ ಬಂದರು, ಅವರಿಗೆ ಬಾಗಿಲು ತೆರೆಯಿತು. ಕಥೋಲಿಕ ಮನೆಗಳಲ್ಲಿ ಈ ಮಾತನ್ನು ಯಾರೂ ಅಷ್ಟಾಗಿ ಆಡುವುದಿಲ್ಲ. ಎಲ್ಲರ ಮನೆಯ ಹಿರಿಯರೂ ಅಚಲರಾಗಿಯೇ ಇದ್ದರು ಎಂದುಕೊಳ್ಳುವುದು ನಮಗೆ ಹಿತ. ಆದರೆ ಇಂದು ಚರ್ಚಿನಲ್ಲಿ ಮಂಡಿಯೂರುವ ನಮ್ಮಲ್ಲಿ ಕೆಲವರಾದರೂ ಬಿದ್ದು ಎದ್ದು ಬಂದವರ ಮರಿಮಕ್ಕಳೇ ಇರಬೇಕು.

ಇನ್ನೊಂದು ಕಥೆ ಬಹಳ ದೂರದ್ದು, ಜಪಾನಿನದು. ಮುಂಬಯಿ ಸೇರಿದ ಮಂಗಳೂರಿಗರಲ್ಲಿ ಒಬ್ಬಳಾದ ನನ್ನ ಅತ್ತೆ ವಸಾಯಿಯಿಂದ ನನಗೆ ಒಬ್ಬ ಸಂತನ ಚಿತ್ರ ತಂದುಕೊಟ್ಟಿದ್ದಳು. ವಸಾಯಿಯಲ್ಲೇ ಹುಟ್ಟಿದ ಗೊನ್ಸಾಲೊ ಗಾರ್ಸಿಯ. 1597ರ ಫೆಬ್ರವರಿ 5ರಂದು ನಾಗಾಸಾಕಿಯ ನಿಶಿಜಾಕಾ ಗುಡ್ಡದಲ್ಲಿ ಶಿಲುಬೆಗೇರಿಸಿದ 26 ಜನರಲ್ಲಿ ಒಬ್ಬರು. 1862ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅವರ ಹಿಂದೆ ಹೊರಟ ನಾನು ಅವರ ನಂತರದವರ ಬಳಿ ಹೋಗಿ ನಿಂತೆ.

1614ರಲ್ಲಿ ಜಪಾನಿನಲ್ಲೆಲ್ಲ ಕ್ರೈಸ್ತಧರ್ಮವನ್ನು ನಿಷೇಧಿಸಿದರು. 1644ರಲ್ಲಿ ಉಳಿದಿದ್ದ ಕೊನೆಯ ಗುರುವನ್ನೂ ಕೊಂದರು. ಅಲ್ಲಿಂದ ಮುಂದೆ ಇನ್ನೂರು ವರ್ಷಕ್ಕೂ ಮೀರಿ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಚರ್ಚಿಲ್ಲ. ನಾಗಾಸಾಕಿಯ ಪಕ್ಕದ ಉರಾಕಾಮಿ ಎಂಬ ಹಳ್ಳಿಯ ರೈತರು ಒಳಗೊಳಗೆ ತಮ್ಮದೇ ಒಂದು ಏರ್ಪಾಡು ಮಾಡಿಕೊಂಡರು. ಒಬ್ಬನಿಗೆ ಮಕ್ಕಳಿಗೆ ದೀಕ್ಷಾಸ್ನಾನದ ನೀರು ಹಾಕುವ ಕೆಲಸ. ಇನ್ನೊಬ್ಬನಿಗೆ ಪಂಚಾಂಗ ಕಾಯುವ ಕೆಲಸ, ಯಾವ ದಿನ ಕ್ರಿಸ್ತಜಯಂತಿ, ಯಾವ ದಿನ ತಪಸ್ಸುಕಾಲ ಶುರು ಎಂದು ಲೆಕ್ಕವಿಟ್ಟು ಮನೆಮನೆಗೆ ತಿಳಿಸುವುದು. ಬಾಸ್ಟಿಯನ್ ಎಂಬ ಉಪದೇಶಕ ಬಿಟ್ಟುಹೋದನೆನ್ನುವ 1634ರ ಪಂಚಾಂಗವೇ ಅವರಿಗೆ ಆಧಾರ. ಪ್ರಾರ್ಥನೆಗಳನ್ನು ಅವರು ಒರಾಶ್ಯೊ ಎನ್ನುತ್ತಿದ್ದರು. ಪದ ಲ್ಯಾಟಿನಿನದು, ಪೋರ್ಚುಗೀಸರ ಜೊತೆ ಹೋದದ್ದು. ನಮ್ಮ ತೇರ್ಸ್ ಎಂಬ ಪದ ಬಂದದ್ದೂ ಅವರ ಜೊತೆಗೇ. ತಲೆಮಾರಿನಿಂದ ತಲೆಮಾರಿಗೆ ಬಾಯಿಂದ ಬಾಯಿಗೆ ಹೋಗುತ್ತ ಒರಾಶ್ಯೊದ ಎಷ್ಟೋ ಮಾತುಗಳಿಗೆ ಅರ್ಥವೇ ಕಳೆದುಹೋಗಿತ್ತು. ಆದರೂ ಹೇಳುತ್ತಿದ್ದರು.

ಇದೇ ಜನ ವರ್ಷ ವರ್ಷವೂ ಹೊಸ ವರ್ಷದ ಆರಂಭದಲ್ಲಿ ಊರ ಮುಖಂಡನ ಮನೆಗೆ ಹೋಗಿ, ಯೇಸುವಿನ ಅಥವಾ ಮರಿಯಮ್ಮನವರ ಪಟವನ್ನು ಕಾಲಿನಿಂದ ತುಳಿಯಬೇಕಿತ್ತು. ತುಳಿಯದವರು ಕ್ರೈಸ್ತರೆಂದು ಸಿಕ್ಕಿಬೀಳುತ್ತಿದ್ದರು. ಅವರು ತುಳಿದರು. ತುಳಿದು ಮನೆಗೆ ಬಂದು, ಬಾಗಿಲು ಮುಚ್ಚಿ, ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಗುರುವಿಲ್ಲದ ಕಾಲದಲ್ಲಿ ಮನಸಾರೆ ದುಃಖಪಟ್ಟರೆ ದೇವರು ಕ್ಷಮಿಸುತ್ತಾನೆ ಎಂದು ಹಿಂದಿನ ಗುರುಗಳು ಬರೆದುಕೊಟ್ಟಿದ್ದ ಒಂದು ಚಿಕ್ಕ ಪುಸ್ತಿಕೆಯನ್ನು ಅವರು ನಕಲು ಮಾಡಿ ಮಾಡಿ ಕಾಪಾಡಿದರು. ತುಳಿದ ಪಾದಗಳನ್ನು ನಾನು ಬಹಳ ಹೊತ್ತು ಕಣ್ಣೆದುರಿಗೆ ತಂದುಕೊಂಡೆ. ಮಂಜು ಬೀಳುವ ಚಳಿಗಾಲ, ಬರಿಗಾಲು, ಕಾಲಡಿಯಲ್ಲಿ ತಣ್ಣಗಿನ ಲೋಹ. ಹಿಂದೆಯೇ ತಾಯಿಯ ಕೈ ಹಿಡಿದು ನಿಂತ ಮಗು, ಮುಂದಿನ ಸರದಿ ಅದರದ್ದು.

ಹೊರಗಿನವರ ಕಣ್ಣಿಗೆ ಅದು ವರ್ಷಕ್ಕೊಮ್ಮೆ ನಂಬಿಕೆ ಬಿಟ್ಟಂತೆಯೇ. ನನಗೆ ಹಾಗೆ ಕಾಣುವುದಿಲ್ಲ. ಸೇವಕಿಯೊಬ್ಬಳು ಕೇಳಿದ್ದಕ್ಕೇ ಹೆದರಿ ಶಿಷ್ಯ ಪೇತ್ರನು ಯೇಸುವನ್ನು ಅರಿಯೆನೆಂದ, ಕೋಳಿ ಕೂಗುವಷ್ಟರಲ್ಲಿ ಮೂರು ಸಲ. ಸಭೆಯನ್ನು ಯೇಸು ವಹಿಸಿಕೊಟ್ಟದ್ದು ಆ ಪೇತ್ರನ ಕೈಗೇ.

1865ರ ಮಾರ್ಚ್ 17. ವಿದೇಶೀಯರಿಗಾಗಿ ನಾಗಾಸಾಕಿಯಲ್ಲಿ ಆಗಷ್ಟೇ ಕಟ್ಟಿದ್ದ ಓಉರಾ ಚರ್ಚಿನ ಬಾಗಿಲಿಗೆ ಉರಾಕಾಮಿಯ ಸುಮಾರು ಹದಿನೈದು ಜನ ಬಂದರು. ಒಳಗಿದ್ದವರು ಬೆರ್ನಾರ್ ಪೆತಿಜ್ಯಾನ್, ದ್ಯುಬುವಾ ಸೇರಿದ್ದ ಪ್ಯಾರಿಸಿನ ವಿದೇಶ ಮಿಷನ್ ಸಂಘದ ಪಾದ್ರಿ. ಒಬ್ಬ ಹೆಂಗಸು ಹತ್ತಿರ ಬಂದು, ನಮ್ಮ ಹೃದಯವೂ ನಿಮ್ಮ ಹೃದಯವೂ ಒಂದೇ ಎಂದಳು. ಸಾಂತಾ ಮರಿಯಾಳ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಬಂದವರು ಅವರಿಗೆ ಇನ್ನೊಂದು ಮಾತನ್ನೂ ಹೇಳಿದರು: ಇದು ದುಃಖದ ಕಾಲದ 17ನೆಯ ದಿನ, ನೀವೂ ಆಚರಿಸುತ್ತೀರಾ? ನಾನು ಹಳೆಯ ದಿನದರ್ಶಿಯ ಲೆಕ್ಕ ಹಾಕಿ ನೋಡಿದೆ. ದುಃಖದ ಕಾಲ ಎಂದರೆ ತಪಸ್ಸುಕಾಲ, ಅದು ಶುರುವಾಗುವ ವಿಭೂತಿ ಬುಧವಾರ ಆ ವರ್ಷ ಬಿದ್ದದ್ದು ಮಾರ್ಚ್ 1ಕ್ಕೆ. ಹದಿನೇಳನೆಯ ದಿನವೇ ಸರಿ. ಗುರುವಿಲ್ಲದೆ, ರೋಮಿನ ಸುದ್ದಿಯಿಲ್ಲದೆ, ಇನ್ನೂರು ವರ್ಷ ದಾಟಿ ಬಂದ ರೈತರ ಲೆಕ್ಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಅವರ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಗುಟ್ಟು ಹೊರಬಿದ್ದ ಮೇಲೆ ಸುಮಾರು 3,400 ಜನರನ್ನು ಊರು ಬಿಡಿಸಿ ಬೇರೆ ಬೇರೆ ಪ್ರಾಂತಗಳಿಗೆ ಅಟ್ಟಿದರು. ಚಳಿ, ಹಸಿವು, ಚಿತ್ರಹಿಂಸೆಯಲ್ಲಿ 600ಕ್ಕೂ ಹೆಚ್ಚು ಜನ ಸತ್ತರು. ತಾಳಲಾರದೆ ನಂಬಿಕೆ ಬಿಟ್ಟೆವೆಂದವರೂ ಇದ್ದರು. 1873ರಲ್ಲಿ ನಿಷೇಧ ತೆರವಾಗಿ ಊರಿಗೆ ಮರಳಿದವರ ಬಳಿ ಪಾತ್ರೆಪಡಗವೂ ಇರಲಿಲ್ಲ. ಕೆಲವು ವರ್ಷಗಳ ನಂತರ ಅವರು ಹಣ ಕೂಡಿಸಿ, ತಾವು ಪಟ ತುಳಿಯುತ್ತಿದ್ದ ಆ ಮುಖಂಡನ ಮನೆಯ ಜಾಗವನ್ನೇ ಕೊಂಡುಕೊಂಡರು. ಉರಾಕಾಮಿಯ ಚರ್ಚು ಎದ್ದದ್ದು ಆ ನೆಲದ ಮೇಲೆ.

ಹಾಗಾಗಿ, ಹಿಡಿದುಕೊಳ್ಳುವುದು ಹೇಗೆ ಎಂದು ಕೇಳುವವರಿಗೆ ನಾನು ಧೈರ್ಯದ ಮಾತು ಹೇಳುವುದಿಲ್ಲ. ಧೈರ್ಯ ಎಂದು ಬರುತ್ತದೆ, ಎಂದು ಕೈಕೊಡುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ನಾನು ಹೇಳುವುದು ಇಷ್ಟು. ನೆಮ್ಮದಿಯ ದಿನಗಳಲ್ಲೇ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಮೊಬೈಲಿನಲ್ಲಿ ಎಲ್ಲ ಇದೆಯಲ್ಲ ಎಂದು ಮಕ್ಕಳು ವಾದಿಸುತ್ತಾರೆ. ಇದೆ, ಆದರೆ ತಮ್ಮನ ಪೆಟ್ಟಿಗೆಯ ಎದುರು ಯಾರೂ ಮೊಬೈಲ್ ತೆರೆಯುವುದಿಲ್ಲ. ಹಬ್ಬಗಳನ್ನು, ಉಪವಾಸದ ದಿನಗಳನ್ನು ಮನಸ್ಸಿಲ್ಲದಿದ್ದರೂ ಬಿಡಬೇಡಿ. ಒಬ್ಬರೇ ಇರಬೇಡಿ, ವಾಳೆಯವರ ಜೊತೆ ಜಗಳವಿದ್ದರೂ ಅವರಿಗೆ ಬಾಗಿಲು ಹಾಕಬೇಡಿ. ಮತ್ತು ಪಶ್ಚಾತ್ತಾಪದ ಪ್ರಾರ್ಥನೆಯನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ. ನನ್ನ ತರಗತಿಯಲ್ಲಿ ಅದೇ ಮೊದಲ ಪಾಠ. ಬೀಳುತ್ತೇವೆ ಎಂಬುದು ಗೊತ್ತಿರುವಾಗ ಮನೆಗೆ ಬರುವ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಬೇಕು.

ನನ್ನ ಎಂಟು ತಿಂಗಳು ಹೇಗೆ ಮುಗಿಯಿತು ಎಂದೂ ಕೇಳುತ್ತಾರೆ. ದರ್ಶನವಾಗಲಿಲ್ಲ, ಕನಸು ಬೀಳಲಿಲ್ಲ. ಅಮ್ಮನ ಜಪಮಾಲೆ ಹಳೆಯದು, ಕಪ್ಪು ಮರದ ಮಣಿಗಳದು. ಹತ್ತು ಮಣಿಗಳ ಮೂರನೆಯ ಗುಂಪಿನಲ್ಲಿ ಒಂದು ಮಣಿ ಎಂದೋ ಬಿದ್ದುಹೋಗಿ, ಆ ಜಾಗದಲ್ಲಿ ಅವಳು ದಪ್ಪ ನೂಲಿನ ಗಂಟು ಹಾಕಿದ್ದಳು. ಆ ಎಲ್ಲ ಸಂಜೆಗಳಲ್ಲೂ ಅವಳು ನಮ್ಮ ಕೊಂಕಣಿಯಲ್ಲಿ "ನಮಾನ್ ಮರಿಯೆ" ಎಂದು ಪ್ರಾರ್ಥನೆಯ ಮೊದಲರ್ಧ ಹೇಳಿ, ಮನೆಯವರು ಹೇಳಬೇಕಾದ ಉಳಿದರ್ಧವನ್ನು ತಾನೇ ಹೇಳಿಕೊಂಡು ಮುಂದೆ ಹೋಗುತ್ತಿದ್ದಳು. ಒಂದು ದಿನ ನಾನು ಅಡುಗೆಮನೆಯಲ್ಲಿ ಮೀನಿಗೆ ಮಸಾಲೆ ಅರೆಯುತ್ತಿದ್ದೆ. ಅವಳು ಮೊದಲರ್ಧ ಮುಗಿಸಿ ಕೆಮ್ಮಿದಳು, ಕೆಮ್ಮು ನಿಲ್ಲಲಿಲ್ಲ. "ಭಾಗೆವಂತ್ ಮರಿಯೆ, ದೆವಾಚೆ ಮಾಯೆ" ಎಂದು ನನ್ನ ಬಾಯಿ ತಾನಾಗಿ ಹೇಳಿಬಿಟ್ಟಿತು. ಅಮ್ಮ ತಿರುಗಿ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ. ಕೆಮ್ಮು ನಿಂತ ಮೇಲೆ ಬೆರಳನ್ನು ಗಂಟಿನಿಂದ ಮುಂದಿನ ಮಣಿಗೆ ಸರಿಸಿ, ಮತ್ತೆ "ನಮಾನ್ ಮರಿಯೆ" ಎಂದು ಹೇಳಿ ನನಗಾಗಿ ಕಾದಳು.