ಸಿಂಥ್ ಎದುರಿಗೇ ಇದೆ, ಪ್ಲಗಿನ್ ಕಾಣೆ

ಎಂಟು ವರ್ಷ ಹಳೆಯ ಪ್ರಾಜೆಕ್ಟು, ಹೊಸ ವಿಂಡೋಸ್ ಕಂಪ್ಯೂಟರು, ಮೇಜಿನ ಮೇಲೆ ಅದೇ ಹಳೇ ಹಾರ್ಡ್‌ವೇರ್ ಸಿಂಥ್ (ಸದ್ದು ಹುಟ್ಟಿಸುವ ಸಿಂಥಸೈಜರ್). ಬೆಳಗ್ಗೆ ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ರೀಪರ್‌ನಲ್ಲಿ ಫೈಲು ತೆರೆದರೆ ಉಳಿದ ಟ್ರ್ಯಾಕ್‌ಗಳೆಲ್ಲ ನುಡಿದವು, ಸಿಂಥ್ ಟ್ರ್ಯಾಕ್ ಮಾತ್ರ ತೆಪ್ಪಗಿತ್ತು. ಅದರ ಎಡಿಟರ್ ಪ್ಲಗಿನ್, ಅಂದರೆ ರೀಪರ್ ಒಳಗಿಂದಲೇ ಸಿಂಥ್‌ನ ಸೆಟ್ಟಿಂಗ್ ಬದಲಿಸುವ ಪುಟ್ಟ ಪ್ರೋಗ್ರಾಮು, ಸಿಗುತ್ತಿಲ್ಲವಂತೆ.

ವಿಎಸ್‌ಟಿ ಅನ್ನುವುದು ಇಂಥ ಪ್ಲಗಿನ್‌ಗಳ ಮಾದರಿ; 2 ಹಳೆಯದು, 3 ಹೊಸದು. ಹೊಸ ವಿಎಸ್‌ಟಿ3 ಎಡಿಟರ್ ಹಾಕಿದ್ದಾಯಿತು, ಉಪಯೋಗವಾಗಲಿಲ್ಲ. ಪ್ರಾಜೆಕ್ಟ್ ಹುಡುಕುತ್ತಿದ್ದದ್ದು ವಿಎಸ್‌ಟಿ2 ಪ್ಲಗಿನ್ನಿನ ಗುರುತಿನ ಸಂಖ್ಯೆಯನ್ನು. ತಯಾರಕರು ಎರಡಕ್ಕೂ ಕೊಂಡಿ ಹಾಕಿರದಿದ್ದರೆ ವಿಎಸ್‌ಟಿ3 ಅದರ ಪಾಲಿಗೆ ಯಾರೋ ಅಪರಿಚಿತ. ಮೇಲಾಗಿ ಹಳೆಯದು 32 ಬಿಟ್. ಎಡಿಟರ್ ಸದ್ದು ಹುಟ್ಟಿಸುವುದಿಲ್ಲ, ಬರೀ ರಿಮೋಟ್. ಆದರೆ ಕಟಾಫ್, ರೆಸೊನೆನ್ಸ್, ಎನ್ವಲಪ್ ಹೀಗೆ ಸದ್ದನ್ನು ರೂಪಿಸುವ ಸೆಟ್ಟಿಂಗ್‌ಗಳೆಲ್ಲ ಪ್ರಾಜೆಕ್ಟ್ ಫೈಲಿನೊಳಗೆ ಕೂತಿರುವುದು ಅದಕ್ಕೆ ಮಾತ್ರ ಅರ್ಥವಾಗುವ ರೂಪದಲ್ಲಿ. ಒಮ್ಮೆಯಾದರೂ ಹಳೆಯದನ್ನೇ ಎಬ್ಬಿಸಬೇಕು.

64 ಬಿಟ್ ರೀಪರ್‌ನಲ್ಲಿ 32 ಬಿಟ್ ಪ್ಲಗಿನ್ ಓಡಿಸುವ ಸೇತುವೆ ಒಳಗೇ ಇದೆ. ಪ್ರಿಫರೆನ್ಸಸ್‌ನ ವಿಎಸ್‌ಟಿ ಪುಟದಲ್ಲಿ ಹಳೇ ಪ್ಲಗಿನ್ನಿನ ಡಿಎಲ್ಎಲ್ ಫೈಲು ಇರುವ ಫೋಲ್ಡರ್ ಸೇರಿಸಿ ರೀಸ್ಕ್ಯಾನ್ ಕೊಟ್ಟಾಗ ಎಡಿಟರ್ ಕಿಟಕಿ ತೆರೆಯಿತು, ಸಿಂಥ್ ಜೊತೆ ಮಾತ್ರ ಮಾತಿಲ್ಲ! ವಿಂಡೋಸ್‌ನಲ್ಲಿ ಎಷ್ಟೋ ಯುಎಸ್‌ಬಿ ಮಿಡಿ (ನೋಟ್, ಸೆಟ್ಟಿಂಗ್‌ಗಳ ಸಂದೇಶ ಸಾಗಿಸುವ ವ್ಯವಸ್ಥೆ) ಡ್ರೈವರ್‌ಗಳು ಒಂದು ಪೋರ್ಟನ್ನು ಒಂದೇ ಪ್ರೋಗ್ರಾಮಿಗೆ ಕೊಡುತ್ತವೆ. ರೀಪರ್ ಅದನ್ನು ಮೊದಲೇ ಹಿಡಿದು ಕೂತಿತ್ತು. ಮಿಡಿ ಡಿವೈಸಸ್‌ನಲ್ಲಿ ಆ ಪೋರ್ಟಿನ ಇನ್‌ಪುಟ್, ಔಟ್‌ಪುಟ್ ಎರಡನ್ನೂ ನಿಲ್ಲಿಸಿ ರೀಪರ್ ಮುಚ್ಚಿ ತೆರೆದ ಮೇಲೆ ಎಡಿಟರ್‌ಗೆ ಸಿಂಥ್ ಸಿಕ್ಕಿತು. ನೋಟ್‌ಗಳಿಗೆ ಬೇರೆ ದಾರಿ: ಆಡಿಯೋ ಇಂಟರ್ಫೇಸಿನಿಂದ ಐದು ಪಿನ್ನಿನ ಮಿಡಿ ಕೇಬಲ್.

ಒಂದು ಕೀ ಒತ್ತಿದರೆ ಎರಡು ಸಲ ನುಡಿಯುತ್ತಿದ್ದರೆ ಸಿಂಥ್‌ನ ಕೀಗಳು ನೇರವಾಗಿ ಅದರ ಸದ್ದನ್ನು ನುಡಿಸುವ ಲೋಕಲ್ ಕಂಟ್ರೋಲ್ ಆಫ್ ಮಾಡಿ. ಅಷ್ಟೇ.

ಪ್ಯಾಚ್ (ಒಂದು ಸದ್ದಿನ ಸೆಟ್ಟಿಂಗ್‌ಗಳ ಕಂತೆ) ಸಿಂಥ್‌ಗೆ ಇಳಿದ ತಕ್ಷಣ, ಸೇವ್ ಮಾಡಲು ಬಿಡದ ಮೆಮೊರಿ ಪ್ರೊಟೆಕ್ಟ್ ತೆಗೆದು ಒಂದು ಖಾಲಿ ಜಾಗದಲ್ಲಿ ಸೇವ್ ಮಾಡಿ, ಸಿಸೆಕ್ಸ್ ಡಂಪನ್ನೂ (ಆ ಸೆಟ್ಟಿಂಗ್‌ಗಳನ್ನು ಮಿಡಿ ಸಂದೇಶಗಳಾಗಿ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಪ್ರತಿ) ತೆಗೆದುಕೊಳ್ಳಬೇಕು. ಐದು ಪಿನ್ನಿನ ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್, ಒಂದು ಬೈಟಿಗೆ 10 ಬಿಟ್. ಅಂದರೆ 64 ಕಿಲೋಬೈಟ್ ಡಂಪಿಗೆ ಸುಮಾರು 21 ಸೆಕೆಂಡು. ಮುಗಿಯಿತೆಂದು ನಡುವೆ ಕೇಬಲ್ ಕೀಳಬೇಡಿ. ವಾಪಸ್ ಕಳಿಸುವಾಗ ಹಳೇ ಸಿಂಥ್‌ನ ಬಫರ್ ತುಂಬಿ ಚೆಕ್‌ಸಮ್ ಎರರ್ (ಸಂದೇಶ ಸರಿಯಾಗಿ ತಲುಪಲಿಲ್ಲವೆಂಬ ದೂರು) ಬರುವುದುಂಟು. ಸಂದೇಶಗಳ ನಡುವೆ 100ರಿಂದ 200 ಮಿಲಿಸೆಕೆಂಡ್ ಬಿಡುವು ಕೊಟ್ಟರೆ ಸಾಮಾನ್ಯವಾಗಿ ನುಂಗಿಕೊಳ್ಳುತ್ತದೆ. ಎರರ್ ಕೂಡ ಇಲ್ಲದೆ ಸುಮ್ಮನಿದ್ದರೆ ಡಿವೈಸ್ ಐಡಿ, ಅಂದರೆ ಸಿಂಥ್‌ಗೆ ಕೊಟ್ಟ ಗುರುತಿನ ಸಂಖ್ಯೆ, ನೋಡಿ. ಡಂಪ್ ತೆಗೆದಾಗ 17 ಇದ್ದು ಈಗ 1 ಆಗಿದ್ದರೆ ಸಿಂಥ್ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಸಂಜೆ ಉಳಿದ ಕೆಲಸ ಟ್ರ್ಯಾಕನ್ನು ಆಡಿಯೋ ಆಗಿ ಇಳಿಸುವುದು. ಹಾರ್ಡ್‌ವೇರ್‌ಗೆ ಅವಸರ ಗೊತ್ತಿಲ್ಲ: ನಾಲ್ಕೂವರೆ ನಿಮಿಷದ ಹಾಡಿಗೆ ನಾಲ್ಕೂವರೆ ನಿಮಿಷವೇ ಬೇಕು. ಸಿಂಥ್‌ನ ಸದ್ದು ಬರುವ ಲೈನ್ ಇನ್‌ಪುಟ್ ಆರ್ಮ್ ಮಾಡಿ (ರೆಕಾರ್ಡಿಗೆ ಸಜ್ಜುಮಾಡಿ) ಹಾಡು ಓಡಿಸಿ ರೆಕಾರ್ಡ್ ಮಾಡಿದರೆ ಆಯಿತು. ಹಾಡು ನುಡಿಸದೆ ಬೇಗ ಫೈಲು ಮಾಡುವ ಆಫ್‌ಲೈನ್ ರೆಂಡರ್ ಒತ್ತಿದರೆ ಸಿಂಥ್ ಇದ್ದ ಜಾಗದಲ್ಲಿ ಮೌನ ಬರುತ್ತದೆ. ರೆಕಾರ್ಡ್ ಆದದ್ದು ತುಸು ಹಿಂದೆ ಬೀಳುತ್ತದೆ, ಮೊದಲ ನೋಟನ್ನು ಗ್ರಿಡ್ಡಿಗೆ ಎಳೆದು ಕೂರಿಸಿ. ವೇವ್ ಫೈಲಿನ ಹೆಸರಲ್ಲೇ ಪ್ಯಾಚ್ ನಂಬರು, ಡಿವೈಸ್ ಐಡಿ ಬರೆದು, ಪಕ್ಕದಲ್ಲೇ ಸಿಸೆಕ್ಸ್ ಫೈಲೂ ಇಡಿ.